ಮೇಜಿನ ಮೇಲಿಂದ ತೆಗೆದದ್ದು

ಅಕ್ಕನ ಮಗಳು ಗಿಣಿ ಎರಡನೇ ಕ್ಲಾಸು. ಅವಳ ಶಾಲೆಯಲ್ಲಿ ಒಂದು ಕಂಪ್ಯೂಟರಿಗೆ ಐದು ಮಕ್ಕಳು. "ನೀನೇನು ಮಾಡ್ತೀಯೇ ಅಲ್ಲಿ?" ಎಂದು ಕೇಳಿದ್ದಕ್ಕೆ, "ನಂದು ಮೌಸಿನ ವೈರು ಹಿಡ್ಕೊಳ್ಳೋ ಕೆಲಸ ಚಿಕ್ಕಿ. ಸಿಕ್ಕಾಗದೇ ಇರೋ ಹಾಗೆ ನೋಡ್ಕೋಬೇಕು" ಎಂದಳು, ಬಹಳ ಜವಾಬ್ದಾರಿಯಿಂದ. ನಿನಗೇ ಒಂದು ಕಂಪ್ಯೂಟರು ಮಾಡಿಕೊಡುತ್ತೇನೆ ಎಂದು ಅವತ್ತೇ ಮಾತು ಕೊಟ್ಟುಬಿಟ್ಟೆ.

ಮಾತು ಕೊಡುವುದು ನನಗೆ ಸಲೀಸು. ಅಜ್ಜಿಯ ಕಥೆಗಳಲ್ಲಿ ಮಾತು ಕೊಟ್ಟವರಿಗೆ ದಾರಿಯಲ್ಲಿ ಇರುವೆಯೋ ಮುದುಕಿಯೋ ಎದುರಾಗಿ ಉಳಿದದ್ದನ್ನು ಮಾಡಿಕೊಡುತ್ತಿದ್ದರು. ನನಗೆ ಎದುರಿಗಿದ್ದವನು ಸೋದರಮಾವ. ಅವನ ರಿಪೇರಿ ಅಂಗಡಿಯಲ್ಲೇ ನನ್ನ ಕೆಲಸ. ಅಲ್ಲಿ ಇದ್ದದ್ದು ಒಂದೇ ಕಾನೂನು. ಸತ್ತ ಕಂಪ್ಯೂಟರುಗಳ ಕೈಕಾಲು ಬಿದ್ದಿರುವ ಬೆತ್ತದ ಬುಟ್ಟಿಯನ್ನು ತೋರಿಸಿ ಮಾವ ಹೇಳುತ್ತಿದ್ದ: "ಬುಟ್ಟೀದು ನಮ್ದು, ಮೇಜಿನ ಮೇಲಿಂದು ಗಿರಾಕೀದು. ಅದೊಂದು ನೆನಪಿಟ್ಕೋ ಕನಸಮ್ಮ, ಮಿಕ್ಕಿದ್ದು ಮರೆತ್ರೂ ನಡೆಯುತ್ತೆ."

ಮಧ್ಯಾಹ್ನ ಊಟದ ಬಿಡುವಿನಲ್ಲಿ ಬುಟ್ಟಿ ಕೆದಕಿದೆ. ಒಂದರ ಮದರ್‌ಬೋರ್ಡು, ಇನ್ನೊಂದರ ಫ್ಯಾನು, ಎರಡು ಕೀಲಿ ಉದುರಿದ ಕೀಬೋರ್ಡು. ಪೆಟ್ಟಿಗೆಯ ಬದಲು ಅಕ್ಕನ ಮನೆಯ ಮುರುಕು ಮೇಜಿನ ಡ್ರಾಯರು. ತೆರೆಗೆ ಅವರ ಹಳೇ ಟೀವಿ. ಎಲ್ಲ ಕೂಡಿಬಂತು, ರ‍್ಯಾಮ್ ಒಂದು ಬಿಟ್ಟು. ಅದು ಬೆರಳಿಗಿಂತ ತುಸು ಉದ್ದದ ಹಸಿರು ಪಟ್ಟಿ. ಕಂಪ್ಯೂಟರು ತನ್ನ ಕೆಲಸವನ್ನು ಹರವಿಕೊಳ್ಳುವ ಜಾಗ. ಅದಿಲ್ಲದೆ ಮಿಷನ್ನು ಕಣ್ಣೇ ಬಿಡುವುದಿಲ್ಲ. ಬುಟ್ಟಿಯಲ್ಲಿದ್ದ ಏಳು ಪಟ್ಟಿಗಳನ್ನೂ ಹಾಕಿ ನೋಡಿದೆ. ಏಳೂ ಸತ್ತಿದ್ದವು.

ಆಗ ಮೇಜಿನ ಮೇಲೆ ಊರಿನ ಟೈಪು ಟೀಚರ ಕಂಪ್ಯೂಟರು ಬಿಚ್ಚಿಕೊಂಡು ಕೂತಿತ್ತು. ಧೂಳು ತೆಗೆಯಲು ಬಂದದ್ದು. ಅದರೊಳಗೆ ಪಟ್ಟಿಗಳು ಎರಡು.

ರಕ್ಕಸನ ತಲೆಯಿಂದ ಒಂದು ಕೂದಲು ಕಿತ್ತುಕೊಂಡು ಬಂದ ಹುಡುಗಿಯ ಕಥೆಯನ್ನು ಅಜ್ಜಿ ಹೇಳುತ್ತಿದ್ದಳು. ರಕ್ಕಸನಿಗೆ ಎಚ್ಚರವೂ ಆಗುವುದಿಲ್ಲ. ಸಾವಿರ ಕೂದಲಿನವನಿಗೆ ಒಂದು ಯಾವ ಲೆಕ್ಕ? ಅದನ್ನೇ ನೆನೆಯುತ್ತಾ ಒಂದು ಪಟ್ಟಿ ಎಳೆದುಕೊಂಡೆ. ಟೀಚರಿಗೆ ಇದ್ದದ್ದು ಸಾವಿರವಲ್ಲ, ಎರಡು. ಆ ಲೆಕ್ಕ ಅವತ್ತು ಹೊಳೆಯಲಿಲ್ಲವೆಂದರೆ ಸುಳ್ಳಾಗುತ್ತದೆ. ಹೊಳೆಯಿತು, ಆಚೆ ತಳ್ಳಿದೆ. ಟೀಚರ ಮಿಷನ್ನಿನಲ್ಲಿ ಖಾಲಿ ಹಾಳೆ ತೆರೆದು ನಾಲ್ಕು ಸಾಲು ಟೈಪು ಮಾಡಿ ನೋಡಿದೆ. ಸರಾಗವಾಗಿ ಓಡಿತು. ತಿರುಪು ಬಿಗಿದು ಕೊಟ್ಟುಬಿಟ್ಟೆ.

ಗಿಣಿಯ ಡ್ರಾಯರು ಕಣ್ಣು ಬಿಟ್ಟ ದಿನ ಅವಳು ಅದರ ಮುಂದಿನಿಂದ ಏಳಲೇ ಇಲ್ಲ. ಉದುರಿದ ಕೀಲಿಗಳ ಅಕ್ಷರ ಬಾರದ ಪದಗಳನ್ನೇ ಹುಡುಕಿ ಹುಡುಕಿ ಒಂದು ಬೆಕ್ಕಿನ ಕಥೆ ಬರೆದಳು. ನಾನು ಪಕ್ಕದಲ್ಲಿ ಕೂತು, ಅವಳು ನಕ್ಕಾಗಲೆಲ್ಲ ನಗುತ್ತಿದ್ದೆ. ಆದರೆ ಡ್ರಾಯರಿನೊಳಗೆ ಕಾಣುತ್ತಿದ್ದ ಹಸಿರು ಪಟ್ಟಿಯ ಕಡೆ ಕಣ್ಣು ಹೋಗದಂತೆ ಕುರ್ಚಿಯನ್ನು ಸ್ವಲ್ಪ ಓರೆಮಾಡಿಕೊಂಡಿದ್ದೆ.

ಮಿಷನ್ನು ವಾಪಸ್ಸು ಕೊಟ್ಟ ಹದಿನಾರನೇ ದಿನ ಟೈಪು ಟೀಚರು ಅಂಗಡಿಗೆ ಬಂದರು. ಒಂದು ಕಾಲಕ್ಕೆ ಊರ ಅರ್ಧ ಜನಕ್ಕೆ ಬೆರಳಚ್ಚು ಕಲಿಸಿದವರು. ಈಗ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬರೇ ಕೂತು, ಕಾಲೇಜಿನವರ ದಪ್ಪ ದಪ್ಪ ಪ್ರಬಂಧಗಳನ್ನು ಟೈಪು ಮಾಡಿಕೊಡುತ್ತಾರೆ. ಅವರನ್ನು ಕಂಡದ್ದೇ ನನ್ನ ಕೈ ತಾನಾಗಿ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ.

"ಮಿಷನ್ನು ತೊಂದರೆ ಕೊಡ್ತಿದೆಯಾ ಟೀಚರೇ?" ಮಾವ ಕೇಳಿದ.

"ಮಿಷನ್ನಿಗೇನು ಧಾಡಿ, ನಿಮ್ಮ ಹುಡುಗಿ ಕನ್ನಡಿ ಹಾಗೆ ಮಾಡಿ ಕೊಟ್ಟಿದ್ದಾಳೆ. ಕೆಟ್ಟಿರೋದು ನನ್ನ ಬೆರಳು." ಅವರು ಎರಡೂ ಕೈಗಳನ್ನು ಮುಂದೆ ಚಾಚಿದರು. "ನಾನು ಒತ್ತಿ ಎಷ್ಟೋ ಹೊತ್ತಾದ ಮೇಲೆ ಅಕ್ಷರ ಬರುತ್ತಪ್ಪ. ಒತ್ತಿದ್ದೀನೋ ಇಲ್ವೋ ಅನ್ನೋ ಅನುಮಾನಕ್ಕೆ ಇನ್ನೊಂದ್ಸಲ ಒತ್ತೋದು, ಆಮೇಲೆ ಎರಡೆರಡು ಬರೋದು. ಡಾಕ್ಟ್ರು ನರದ ಮಾತ್ರೆ ಕೊಟ್ಟಿದ್ದಾರೆ. ನುಂಗಿದ್ರೆ ನಿದ್ದೆ ಬರುತ್ತೆ, ಬೆರಳು ಮಾತ್ರ ಹಾಗೇ ಇದೆ."

ನನಗೆ ಗೊತ್ತಾಗಿಹೋಯಿತು. ನಾಲ್ಕು ಸಾಲಿನ ಹಾಳೆಗೆ ಒಂದು ಪಟ್ಟಿ ಸಾಕು. ಚಿತ್ರ, ಕೋಷ್ಟಕ ತುಂಬಿದ ನಾನೂರು ಪುಟ ತೆರೆದರೆ ಮಿಷನ್ನು ತೆವಳುತ್ತದೆ.

"ಕೈಯಲ್ಲಿದ್ದ ಪ್ರಬಂಧ ವಾಪಸ್ಸು ಕೊಟ್ಟುಬಿಟ್ಟೆ," ಎಂದರು ಟೀಚರು. "ನಿಲ್ಲಿಸಿಬಿಡ್ತೀನಿ. ನಾಳೆ ಬಂದು ಮಿಷನ್ನು ತಗೊಂಡು ಹೋಗಮ್ಮ. ಬಿಚ್ಚಿ ಯಾವುದಾದ್ರೂ ಮಗೂಗೆ ಏನಾದ್ರೂ ಮಾಡಿಕೊಡು. ಅಕ್ಕನ ಮಗಳಿಗೆ ಮಾಡಿದ್ದೀಯಂತಲ್ಲ, ಪುಣ್ಯದ ಕೆಲಸ."

ಅವರು ಹೋದ ಮೇಲೆ ಮಾವ, "ಬುಟ್ಟಿ ತಾನಾಗಿ ತುಂಬ್ತು ನೋಡು" ಎಂದ. ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಮೇಜಿನ ಮೇಲಿಂದು ಬುಟ್ಟಿಯದಾಗುತ್ತಿತ್ತು, ಅದೂ ಅವರ ಕೈಯಿಂದಲೇ. ಆ ಯೋಚನೆ ಅರ್ಧ ದಿನ ನನ್ನ ಜೊತೆ ಹಿತವಾಗಿಯೇ ಕೂತಿತ್ತು. ಅದೇ ನನಗೆ ಹೇಸಿಗೆಯಾದದ್ದು.

ಸಂಜೆ ಅಕ್ಕನ ಮನೆಗೆ ಹೋಗಿ ಡ್ರಾಯರು ಎಳೆದೆ.

"ಯಾಕೆ ಬಿಚ್ತಿದ್ದೀಯ?" ಗಿಣಿ ಓಡಿಬಂದಳು.

"ಇದೊಂದು ಪಟ್ಟಿ ಬೇರೆಯವರದು ಪುಟ್ಟ. ಹೇಳದೆ ತಗೊಂಡಿದ್ದೆ."

"ಹೇಳದೆ ಅಂದ್ರೆ?"

"ಕದ್ದಿದ್ದೆ."

ಅವಳು ಕಪ್ಪಾದ ತೆರೆಯನ್ನೂ ನನ್ನನ್ನೂ ನೋಡಿದಳು. "ನಾನು ಅದರಲ್ಲೇ ಕಥೆ ಬರೆದ್ನಲ್ಲ ಚಿಕ್ಕಿ. ಹಾಗಾದ್ರೆ ನಾನೂ ಕಳ್ಳೀನಾ?"

"ಛೆ, ನೀನಲ್ಲ. ನಾನೊಬ್ಳೇ" ಎಂದೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ಅಕ್ಕನ ಕೈ ನಿಂತದ್ದು ಕೇಳಿಸಿತು. ಅವಳು ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಟೀಚರ ಮನೆಗೆ ಹೋದೆ. ಮಿಷನ್ನನ್ನು ಒಯ್ಯಲು ಅನುಕೂಲವಾಗಲೆಂದು ವೈರುಗಳನ್ನೆಲ್ಲ ಅವರೇ ಸುತ್ತಿಟ್ಟಿದ್ದರು. "ಒಂದು ನಿಮಿಷ ಟೀಚರೇ" ಎಂದು ಪೆಟ್ಟಿಗೆ ತೆರೆದು ಪಟ್ಟಿ ಕೂರಿಸಿದೆ. ವೈರು ಜೋಡಿಸಿ, ಅವರು ಅರ್ಧಕ್ಕೆ ಬಿಟ್ಟು ಮಿಷನ್ನಿನಲ್ಲೇ ಉಳಿದಿದ್ದ ನಾನೂರು ಪುಟದ ಪ್ರಬಂಧ ತೆರೆದು, "ಟೈಪು ಮಾಡಿ" ಎಂದೆ.

ಅವರು ಒಲ್ಲದ ಮನಸ್ಸಿನಿಂದ ಕೂತರು. ಬೆರಳು ಇಳಿದವು. ಅಕ್ಷರಗಳು ಬೆರಳ ಹಿಂದೆಯೇ ಓಡಿಬಂದವು. ಒಂದು ಸಾಲು, ಎರಡು, ಆಮೇಲೆ ಅರ್ಧ ಪುಟ. ಅವರ ಮುಖದಲ್ಲಿ ನಗು ಬಂತು. ನೋಡಲಾಗಲಿಲ್ಲ ನನಗೆ.

"ಏನೇ ಮಾಡಿದೆ? ಏನು ಕೆಟ್ಟಿತ್ತು?"

ಏನೋ ಸಡಿಲ ಆಗಿತ್ತು ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂತು.

"ಕೆಟ್ಟಿರಲಿಲ್ಲ ಟೀಚರೇ. ಧೂಳು ತೆಗೆಯೋಕೆ ಕೊಟ್ಟಾಗ ಇದರ ಒಂದು ಪಟ್ಟಿ ನಾನು ತೆಗೆದಿದ್ದೆ. ಅಕ್ಕನ ಮಗಳ ಕಂಪ್ಯೂಟರಿಗೆ. ನಿಮ್ಮ ಬೆರಳಿಗೆ ಏನೂ ಆಗಿಲ್ಲ."

ಅವರು ಕೈಗಳನ್ನು ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ನೀವಿದರು, ಏಟು ತಿಂದು ಬಂದ ಮಗುವನ್ನು ನೀವುವ ಹಾಗೆ.

"ಹದಿನಾರು ದಿನ ಇವಕ್ಕೆ ಬೈದಿದ್ದೀನಿ," ಎಂದರು. "ಮಾತ್ರೆ ನುಂಗಿಸಿದ್ದೀನಿ."

"ತಪ್ಪಾಯ್ತು."

"ಕೇಳಿದ್ರೆ ಕೊಡ್ತಿದ್ನೇ. ಬೇರೆ ಹಾಕಿಸ್ಕೋತಿದ್ದೆ."

"ಗೊತ್ತು."

"ಗೊತ್ತಿದ್ದೂ?"

ಅವರು ಫೋನು ತೆಗೆದುಕೊಂಡು ಯಾರಿಗೋ ಮಾಡಿದರು. ಪ್ರಬಂಧ ಇನ್ನೊಬ್ಬರ ಕೈ ಸೇರಿತ್ತು. ಆ ಕಡೆಯವರು ಹೇಳಿದ್ದು ನನಗೂ ಕೇಳಿಸಿತು. "ಇರಲಿ, ಮುಂದಿನದು ಇದ್ರೆ ಹೇಳಿ. ನಾನು ನಿಲ್ಲಿಸಿಲ್ಲ" ಎಂದು ಟೀಚರು ಫೋನಿಟ್ಟರು.

ನಾನು ಹೊರಡಲು ಎದ್ದೆ.

"ಎಲ್ಲಿಗೆ? ಪೆಟ್ಟಿಗೆ ತೆರೆದೇ ಇದೆ. ಮುಚ್ಚಿ ಹೋಗು," ಎಂದರು ಟೀಚರು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಕನ್ನಡಕ ಹಾಕಿಕೊಂಡು ಕೂತರು. ನಾನು ಬಿಗಿಯುವ ಒಂದೊಂದು ತಿರುಪನ್ನೂ, ಕೊನೆಯದರವರೆಗೆ, ಕಣ್ಣು ಕೀಳದೆ ನೋಡಿದರು.