ಬಾಣಂತಿ ಕೋಣೆಯ ಬಿಸಿಗಾಳಿ

ಮಗಳು ಬಾಣಂತನಕ್ಕೆ ತವರಿಗೆ ಬರಲಿಲ್ಲವೆಂದು ತವರೇ ಬೀದರಿನಿಂದ ಮಹಾನಗರದ ಕೊಂಡಾಪುರ ಬಡಾವಣೆಗೆ ಬಂದಿತ್ತು. ಹಳೆಯ ಸೀರೆ ಹರಿದು ಕೂಸಿಗೆ ಮಾಡಿದ ಲಂಗೋಟಿಗಳ ಗಂಟು, ಹೊಗೆ ಹಾಕಲು ಲೋಬಾನ, ಬಜೆಬೇರು ಎಲ್ಲವನ್ನೂ ತಾಯಿ ಗಿರಿಜಾಬಾಯಿ ತಂದಿದ್ದರು. ತರಲಾಗದ್ದು ಬಿಸಿಲೊಂದೇ.

ಮಳೆಗಾಲ. ಬೀಳುವ ತುಸು ಬಿಸಿಲಿಗೂ ಅಪಾರ್ಟ್‌ಮೆಂಟಿನ ಸಂಘ ಅಡ್ಡ ನಿಂತಿತ್ತು. ಬಾಲ್ಕನಿಯಲ್ಲಿ ಬಟ್ಟೆ ಹಾಕಿದರೆ ಕಟ್ಟಡದ ಅಂದ ಕೆಡುತ್ತದಂತೆ! ಎದುರಿಗೆ ಮೇಲೇಳುತ್ತಿದ್ದ ಐಟಿ ಕಟ್ಟಡದ ಬೊಂಬುಗಳ ಮೇಲೆ ಗುಲ್ಬರ್ಗಾ ಕಡೆಯ ಕೂಲಿಯವರ ಸೀರೆ, ಲುಂಗಿ ಹಾರಾಡುತ್ತಿದ್ದವು. ಕಟ್ಟುವವರ ಬಟ್ಟೆಗೆ ಅಲ್ಲಿ ಜಾಗವಿರುವುದೂ ಕಟ್ಟಡ ಮುಗಿಯುವ ತನಕ ಮಾತ್ರ.

ಅಳಿಯ ವೈಭವ ಬಟ್ಟೆ ಒಣಗಿಸುವ ಯಂತ್ರ ತಂದ. ಅದರ ಬೆನ್ನಿಗೆ ಸೊಂಡಿಲಿನಂಥ ಪೈಪು. ಬಿಸಿಗಾಳಿ ಹೊರಗೆ ಹೋಗಲು ಗೋಡೆಗೆ ತೂತು ಹಾಕಬೇಕಿತ್ತು, ಸಂಘ ಒಪ್ಪಲಿಲ್ಲ. ಪೈಪನ್ನು ಕಿಟಕಿಯಿಂದಾಚೆ ಇಳಿಬಿಟ್ಟು ಅವನು ಆಫೀಸಿಗೆ ಹೋದ.

ಅಷ್ಟು ಬಿಸಿ ಸುಮ್ಮನೆ ಬೀದಿಪಾಲಾಗುವುದನ್ನು ಗಿರಿಜಾಬಾಯಿಗೆ ನೋಡಲಾಗಲಿಲ್ಲ. ಬಾಣಂತಿ ಬೆಚ್ಚಗಿರಬೇಕು, ಈ ಮನೆಯಲ್ಲಿ ಕೆಂಡ ಇಡಲು ಜಾಗವಿಲ್ಲ. ಪೈಪಿನ ಬಾಯನ್ನು ಪಕ್ಕದ ಬಾಣಂತಿ ಕೋಣೆಗೆ ತಿರುಗಿಸಿ, ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿದರು.

"ಅವ್ವಾ, ಕುದಿಯಾಕತ್ತೀನಿ," ಎಂದಳು ಮಗಳು ಶೈಲಶ್ರೀ.

"ಸುಮ್ನ ಮಲಕೋ. ಇಷ್ಟು ಬಿಸಿ ನನಗ ನಿಮ್ಮಜ್ಜಿನೂ ಕೊಟ್ಟಿರಲಿಲ್ಲ."

ಕೆಲವೇ ದಿನಗಳಲ್ಲಿ ಗೋಡೆ ಬೆವರಿ, ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯಿತು. ಕೂಸು ಕೆಮ್ಮತೊಡಗಿತು, ಎದೆಯೊಳಗೆ ಗೊರಗೊರ. ಬಜೆ ತೇಯ್ದು ಹಚ್ಚಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ಔಷಧಿ ಕೊಟ್ಟ ಡಾಕ್ಟರು, ಮೊದಲು ಕೋಣೆ ಒಣಗಬೇಕು ಎಂದರು.

ವೈಭವ ಬಂದು ಪೈಪು ಹೊರಳಿದ ದಿಕ್ಕು ನೋಡಿದ. "ಬಟ್ಟಿ ನೀರೆಲ್ಲಾ ಈ ಗಾಳ್ಯಾಗ ಬರತೈತ್ರಿ, ಅತ್ತಿ," ಎಂದ, ಮೆಲ್ಲಗೆ.

ಗಿರಿಜಾಬಾಯಿ ಕುಸಿದು ಕೂತರು. "ಲಂಗೋಟಿ ಒಣಗಿಸಾಕ ಹೋಗಿ ಕೂಸಿನ್ನ ತೋಯಿಸಿದೆನಲ್ಲಾ!"

"ನನ್ನ ಬೇಯಿಸಿದ್ದು ಲೆಕ್ಕಕ್ಕಿಲ್ಲೇನು?" ಎಂದು ಶೈಲಶ್ರೀ ನಕ್ಕು, ತಾಯಿಯ ಕಣ್ಣು ಒರೆಸಿದಳು.

ಮರುದಿನ ಬಿಸಿಲು ಬಿತ್ತು. ಗಿರಿಜಾಬಾಯಿ ಕಿಟಕಿಗಳನ್ನೆಲ್ಲ ತೆರೆದು ಬಾಲ್ಕನಿಗೆ ಹಗ್ಗ ಬಿಗಿದರು. ಹಗ್ಗ ತುಂಬುವಷ್ಟರಲ್ಲಿ ಸಂಘದ ಕಾರ್ಯದರ್ಶಿ, ರಾಯಚೂರಿನ ಪದ್ಮನಾಭ, ಬಾಗಿಲು ಬಡಿದರು.

"ನಿಯಮ ಗೊತ್ತಿಲ್ಲೇನ್ರಿ ಅಮ್ಮಾರ? ಮಂದಿ ನೋಡಿದ್ರ ಏನಂತಾರ?"

"ಈ ಮನ್ಯಾಗ ಕೂಸು ಐತಿ ಅಂತಾರ."

"ಪೈಪಿಲ್ಲದ ಮಷೀನ್ ತಗೊಳ್ರಿ. ನಮ್ಮನ್ಯಾಗ ಐತಿ. ಒಣಗೂದು ತಡ, ಆದ್ರ ನೀರೆಲ್ಲಾ ಡಬ್ಬ್ಯಾಗ ಬೀಳತೈತಿ. ಗೋಡಿಗೆ ಏನೂ ಆಗಂಗಿಲ್ಲ."

"ಖರೇನ?" ಗಿರಿಜಾಬಾಯಿ ಹಸಿ ಲಂಗೋಟಿ ಉಳಿದಿದ್ದ ಬಕೆಟ್ಟನ್ನು ಅವರ ಕೈಗಿಟ್ಟರು. "ಹಂಗಾದ್ರ ಇವನ್ನ ಒಯ್ರಿ. ಬಿಸಿಲಿಗೆ ನನ್ನ ಹಗ್ಗ, ಮಳಿಗೆ ನಿಮ್ಮ ಡಬ್ಬಿ. ಹಗ್ಗ ಬಿಚ್ಚಿಸಿದ್ರ ದಿನಾ ನಿಮ್ಮನಿಗೇ ಬರತೀನಿ."

ಒಳಗೆ ಕೂಸು ಕೆಮ್ಮಿತು. ಪದ್ಮನಾಭರ ಮುಖ ಸಡಿಲಾಯಿತು.

"ಕೂಸಿನ ಕೆಮ್ಮು ಹೋಗೂತನಕಾ ಇರಲಿ," ಎಂದರು.

"ಕೂಸು ಲಂಗೋಟಿ ಬಿಡೂತನಕಾ," ಎಂದರು ಗಿರಿಜಾಬಾಯಿ.

ಪದ್ಮನಾಭ ಬಕೆಟ್ ಎತ್ತಿಕೊಂಡು ಲಿಫ್ಟಿನ ಕಡೆ ನಡೆದರು.