ತಂಗಿ ತಂದ ಗಿಡ

ಅಕ್ಕತಂಗಿಯರು ಮಾತು ಬಿಟ್ಟಿದ್ದು ಒಂದು ಕೋಟಿನ ದೆಸೆಯಿಂದ. ಅಕ್ಕ ಹೊಲಿಗೆ ಕೆಲಸದವಳು, ಬೀದಿಗೆಲ್ಲ ದರ್ಜಿಯಕ್ಕ. ತಂಗಿಗೆಂದು ಮುತುವರ್ಜಿಯಿಂದ ಹೊಲಿದ ಕೋಟು ತೋಳಿನ ಹತ್ತಿರ ಹಿಡಿಯಿತು. ಅಳತೆ ತಪ್ಪಿದೆ ಎಂದಳು ತಂಗಿ. "ಅಳತೆ ಸರಿಯಾಗೇ ಇದೆ, ನಿನ್ನ ಮೈ ತಪ್ಪಿದೆ," ಎಂದುಬಿಟ್ಟಳು ಅಕ್ಕ, ಅದೂ ಅಂಗಡಿ ತುಂಬ ಗಿರಾಕಿಗಳಿದ್ದಾಗ. ಅಷ್ಟಕ್ಕೇ ಇಬ್ಬರೂ ವರ್ಷಗಟ್ಟಲೆ ಮುಖ ಊದಿಸಿಕೊಂಡು ಕೂತರು. ಎರಡು ಬೀದಿ ಆಚೆಗೇ ತಂಗಿ ಸಸಿ ಮಾರುವ ಜಾಗ. ತರಕಾರಿಗೆ ಹೋಗುವಾಗ ಅಕ್ಕ ಮಂಡಿ ನೋವನ್ನೂ ಲೆಕ್ಕಿಸದೆ ಆ ಬೀದಿ ತಪ್ಪಿಸಿ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಹಠ ಅಂದರೆ ಆ ಮನೆತನದ ಹಠ.

ಕೊನೆಗೆ ಸೋತವಳು ತಂಗಿ. ಒಂದು ಬೆಳಿಗ್ಗೆ ಕಂಕುಳಲ್ಲಿ ಒಂದು ಕುಂಡ ಇರುಕಿಕೊಂಡು ಬಂದು ಬಾಗಿಲಲ್ಲಿ ನಿಂತಳು. ತಪ್ಪಾಯಿತು ಎಂದು ಅವಳೂ ಹೇಳಲಿಲ್ಲ, ಇವಳೂ ಹೇಳಲಿಲ್ಲ. "ಇದನ್ನ ಹಿತ್ತಲಲ್ಲಿ ನೆಡು. ಬಿಸಿಲು ಬೇಕು. ಹೂವು ಬಿಟ್ಟಾಗ ನೋಡು ಹೆಂಗಿರುತ್ತೆ ಅಂತ," ಎಂದಷ್ಟೇ ಹೇಳಿದಳು. ರೈಲು ಹಳಿ ಪಕ್ಕದ ಹಳ್ಳದಲ್ಲಿ ಬಿಳಿ ಹೂವಿನ ಗೊಂಚಲು ಹೊತ್ತು ನಿಂತಿದ್ದು ಕಣ್ಣಿಗೆ ಬಿತ್ತಂತೆ, ಒಂದು ಕವಲು ಕಿತ್ತು ತಂದಳಂತೆ. ದರ್ಜಿಯಕ್ಕ ಕುಂಡ ಇಸಕೊಂಡಳು. ಒಳಗೆ ಹೋಗಿ ಟೀಗಿಟ್ಟು, ಒಲೆಯ ಮುಂದೆ ನಿಂತು ಸ್ವಲ್ಪ ಅತ್ತಳು.

ಗಿಡ ಬೆಳೆದಿದ್ದು ಅಷ್ಟಿಷ್ಟಲ್ಲ. ಒಂದೇ ಬೇಸಿಗೆಯಲ್ಲಿ ಆಳೆತ್ತರ ಆಯಿತು, ಬುಡದಿಂದ ಮರಿಗಳ ಮೇಲೆ ಮರಿ. ಪ್ರೀತಿಯಿಂದ ಕೊಟ್ಟಿದ್ದು ಹಾಗೇ ಬೆಳೆಯುತ್ತದೆ ಎಂದು ದರ್ಜಿಯಕ್ಕ ಗಿರಾಕಿಗಳ ಮುಂದೆ ಕೊಚ್ಚಿಕೊಂಡಳು. ದಾರಿಗೆ ಅಡ್ಡ ಬಂದ ಕೊಂಬೆಗಳನ್ನು ಆಗಾಗ ಸವರುತ್ತಿದ್ದಳು. ಆದರೆ ಬಟ್ಟೆಯ ಒಂದು ಚಿಂದಿಯನ್ನೂ ಎಸೆಯದ ಕೈ ಅದು, ಕೊಂಬೆ ಎಸೆದೀತೆ? ಮೆಟ್ಟಿಲ ಮೇಲೆ ಕೂತು, ಮೊಂಡಾದ ಹಳೇ ಕತ್ತರಿಯಲ್ಲಿ ಒಂದೊಂದು ದಂಟನ್ನೂ ಬೆರಳಗಲಕ್ಕೆ, ಒಂದೇ ಸಮನಾಗಿ ಕತ್ತರಿಸಿ, ಅಡುಗೆಮನೆಯ ಸಿಪ್ಪೆಯ ಜೊತೆ ಗೊಬ್ಬರದ ಚೀಲಕ್ಕೆ ತುಂಬುತ್ತಿದ್ದಳು.

ಆ ಚೀಲ ಒಯ್ಯಲು ತಂಗಿ ಬರುತ್ತಿದ್ದಳು. ನಿಜ ಹೇಳಬೇಕೆಂದರೆ ಚೀಲ ಒಂದು ನೆಪ. ಸುಮ್ಮನೆ ನೋಡಬೇಕು ಅನ್ನಿಸಿತು, ಬಂದೆ ಎಂದು ಹೇಳುವ ಜಾತಿಯೇ ಅಲ್ಲ ಅವರಿಬ್ಬರದು. ತಂಗಿ ಚೀಲ ಬಿಚ್ಚಿ ಕೈಯಾಡಿಸಿ ಒಮ್ಮೆ ಹೇಳಿದಳು: "ನಿನ್ನ ಗೊಬ್ಬರ ಅಂದ್ರೆ ಗೊಬ್ಬರ ಕಣೇ. ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಮ್ಮಿ ಇಲ್ಲ. ಅಳತೇಲಿ ನಿನ್ನ ಮೀರಿಸೋರು ಯಾರು." ಕೋಟಿನ ಜಗಳ ಮುಗಿದಿದ್ದು ಆವತ್ತು. ಆ ಮಾತನ್ನು ದರ್ಜಿಯಕ್ಕ ಮಷೀನು ತುಳಿಯುವಾಗಲೆಲ್ಲ ಮತ್ತೆ ಮತ್ತೆ ನೆನೆಸಿಕೊಂಡು ಒಳಗೊಳಗೇ ನಗುತ್ತಿದ್ದಳು.

ಗಿಡದ ಗುಟ್ಟು ರಟ್ಟಾಗಿದ್ದು ಒಂದು ಪ್ಯಾಂಟಿನಿಂದ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಮೇಷ್ಟ್ರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದು, ಕಾಲಿನ ಸುತ್ತ ಗುಂಡುಸೂಜಿ ಚುಚ್ಚಿಸಿಕೊಂಡು ಸ್ಟೂಲಿನ ಮೇಲೆ ನಿಂತಿದ್ದರು. ಕಿಟಕಿಯಾಚೆ ಕಣ್ಣು ಹೋಯಿತು. ಅದೇನದು ಎಂದು ಕೇಳಿದರು. ತಂಗಿ ಕೊಟ್ಟಿದ್ದು ಎಂದು ಇವಳು ಹೆಮ್ಮೆಯಿಂದ ಹೇಳಿದಳು. ಮೇಷ್ಟ್ರು ಇಳಿಯುವ ಹಾಗಿರಲಿಲ್ಲ, ಇಳಿದರೆ ಸೂಜಿ ಚುಚ್ಚುತ್ತದೆ. ಒಂದು ದಂಟು ತನ್ನಿ ಎಂದರು. ತಂದುಕೊಟ್ಟಳು. ಮುರಿದು ನೋಡಿದರು, ಒಳಗೆ ಟೊಳ್ಳು. ಮೇಲೆ ಕೆಂಪು ಚುಕ್ಕೆ, ಗೇಣಿಗೊಂದು ಗೆಣ್ಣು, ಎಲೆಯ ಬುಡ ಕತ್ತರಿಯಲ್ಲಿ ನೇರ ಕತ್ತರಿಸಿದ ಹಾಗೆ. ಮೇಷ್ಟ್ರ ಮುಖ ಸಣ್ಣಗಾಯಿತು.

"ಇದು ಹೊರಗಿಂದ ಬಂದ ಕಳೆ ಅಮ್ಮ. ಒಂದು ಸಲ ಕಾಲೂರಿದ್ರೆ ಮುಗೀತು, ಪಾಯಾನೂ ಬಿಡಲ್ಲ. ಏನು ಮಾಡಿದ್ರೂ ಸರಿ, ಕತ್ತರಿಸಿ ಮಾತ್ರ ಹಾಕ್ಬೇಡಿ. ಒಂದು ಗೆಣ್ಣು ಸಾಕು, ಹೊಸ ಗಿಡ ಆಗುತ್ತೆ."

ದರ್ಜಿಯಕ್ಕನ ಬಾಯಲ್ಲಿದ್ದ ಗುಂಡುಸೂಜಿ ಕೆಳಗೆ ಬಿತ್ತು. ಬೆರಳಗಲದ ಆ ಚೂರುಗಳೆಲ್ಲ ಕಣ್ಣ ಮುಂದೆ ಬಂದವು. ಅದರಲ್ಲಿ ಎಷ್ಟು ಚೂರಿಗೆ ಗೆಣ್ಣಿತ್ತೋ. ಎಷ್ಟು ಚೀಲ ಹೋಗಿದೆಯೋ, ತಂಗಿ ಅದನ್ನು ಎಷ್ಟು ಕುಂಡಕ್ಕೆ ಹಾಕಿದಳೋ. ಮೇಷ್ಟ್ರ ಪ್ಯಾಂಟು ಆವತ್ತು ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ ಆಯಿತು. ಅವಳ ಜೀವಮಾನದಲ್ಲಿ ಅಂಥದ್ದು ಅದೇ ಮೊದಲು.

ಮೇಷ್ಟ್ರು ಹೇಳಿದ ಕೃಷಿ ಕಚೇರಿಗೆ ಫೋನು ಮಾಡಿದಳು. ಅಲ್ಲಿನವರು ಒಳ್ಳೆಯವರೇ, ಸಮಾಧಾನವಾಗಿ ಮಾತಾಡಿದರು. ಅಗೆದರೆ ಬೇರು ತುಂಡಾಗಿ ಹೆಚ್ಚುತ್ತದೆ, ಔಷಧಿ ಹೊಡೆದರೂ ವರ್ಷಗಳೇ ಹಿಡಿಯುತ್ತವೆ, ಪೂರ್ತಿ ಹೋಯಿತು ಎಂದು ಯಾರೂ ಬರೆದುಕೊಡುವುದಿಲ್ಲ ಎಂದರು. ಸಸಿ ಮಾರುವ ಜಾಗಕ್ಕೇನಾದರೂ ಹೋಗಿದ್ದರೆ? ಹಾಗಿದ್ದರೆ ಮಾರಾಟ ನಿಲ್ಲಿಸಿ, ಬಾಗಿಲು ಹಾಕಿಸಿ, ಮಣ್ಣನ್ನೆಲ್ಲ ಎತ್ತಿಸಬೇಕಾಗುತ್ತದೆ ಎಂದರು. ವಿಳಾಸ ಕೇಳಿದರು. ದರ್ಜಿಯಕ್ಕ ಫೋನು ಇಟ್ಟುಬಿಟ್ಟಳು. ತಂಗಿಗೆ ಇರುವುದು ಅದೊಂದೇ ಅನ್ನದ ದಾರಿ. ಅದಕ್ಕೆ ಕಲ್ಲು ಹಾಕಿದ್ದು ಸ್ವಂತ ಅಕ್ಕನ ಕತ್ತರಿ. ಅಷ್ಟು ವರ್ಷಕ್ಕೆ ಕೂಡಿಬಂದ ಮಾತನ್ನು ಇನ್ನಾವ ಬಾಯಿಂದ ಮುರಿಯುವುದು?

ಮೊದಲು ತನ್ನ ಹಿತ್ತಲಾದರೂ ಚೊಕ್ಕ ಮಾಡೋಣ, ಆಮೇಲೆ ಹೇಳೋಣ ಎಂದುಕೊಂಡಳು. ಕಚೇರಿಯವರ ಮಾತನ್ನೂ ಮೀರಿ ಗುದ್ದಲಿ ಹಿಡಿದು ಅಗೆದಳು. ಬೇರಿನ ಒಳಗೆ ಕ್ಯಾರೆಟ್ಟಿನ ಬಣ್ಣ. ಎಳೆದಲ್ಲೆಲ್ಲ ಪಟಕ್ಕನೆ ಮುರಿಯುತ್ತಿತ್ತು. ಕುದಿಯುವ ನೀರು ಸುರಿದಳು, ಉಪ್ಪು ಸುರಿದಳು. ಸತ್ತಿದ್ದು ಪಕ್ಕದ ಗುಲಾಬಿ. ಕಪ್ಪು ಟಾರ್ಪಾಲು ಹೊದಿಸಿ ಅಂಚಿಗೆ ಇಟ್ಟಿಗೆ ಹೇರಿದಳು, ಹದಿನೈದು ದಿನವಾಗುವಷ್ಟರಲ್ಲಿ ಕೆಂಪು ಮೂತಿಗಳು ಇಟ್ಟಿಗೆಯ ಸಂದಿಯಿಂದ ಇಣುಕಿದವು. ಜಪ್ಪಯ್ಯ ಅಂದರೂ ಅದು ಜಗ್ಗಲಿಲ್ಲ. ಒಂದು ದಿನ ಮಷೀನಿನ ಮುಂದೆ ಕೂತವಳ ಕಾಲಿಗೆ ಏನೋ ತಣ್ಣಗೆ ತಾಗಿತು. ಬಗ್ಗಿ ನೋಡಿದರೆ ಗೋಡೆಗೂ ನೆಲಕ್ಕೂ ನಡುವಿನ ಬಿರುಕಿನಿಂದ ಎದ್ದ ಮೊಳಕೆ, ಪೆಡಲಿನ ಪಕ್ಕದಲ್ಲೇ. ಆವತ್ತು ಅಂಗಡಿ ತೆರೆಯಲಿಲ್ಲ.

ಅದೇ ವಾರ ತಂಗಿ ಬಂದಳು. ಕೈಯಲ್ಲಿ ಸೇವಂತಿಗೆಯ ಕುಂಡ, ಮುಖದ ತುಂಬ ನಗು. ಸೇವಂತಿಗೆಯ ಬುಡದಲ್ಲಿ ಕೆಂಪು ದಂಟಿನ ಮರಿಯೊಂದು ಠೀವಿಯಿಂದ ನಿಂತಿತ್ತು.

"ನೋಡೇ ಅಕ್ಕ, ನೆಡದೇನೇ ಬಂದಿದೆ. ಇದೊಂದ್ರಲ್ಲೇ ಅಲ್ಲ, ಎಲ್ಲಾ ಕುಂಡದಲ್ಲೂ. ನಾನು ನಿಂಗೆ ಕೊಟ್ಟೆ, ನೀನು ನಂಗೆ ವಾಪಸ್ ಕಳಿಸ್ದೆ ಅನ್ಕೊಂಡೆ. ಗಿರಾಕಿಗಳಿಗೂ ಖುಷಿ, ಒಂದು ತಗೊಂಡ್ರೆ ಇನ್ನೊಂದು ಬಿಟ್ಟಿ."

ದರ್ಜಿಯಕ್ಕ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿದಳು. ಮೇಷ್ಟ್ರು, ಗೆಣ್ಣು, ಕತ್ತರಿ, ಕಚೇರಿ, ಒಂದನ್ನೂ ಬಿಡದೆ ಹೇಳಿದಳು. ಒಳಗೆ ಕರೆದೊಯ್ದು ಮಷೀನಿನ ಅಡಿಯ ಬಿರುಕನ್ನೂ ತೋರಿಸಿದಳು. ಬೈಯಲಿ, ಕೂಗಾಡಲಿ, ಮತ್ತೆ ಮಾತು ಬಿಡಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ತಂಗಿ ಬೈಯಲಿಲ್ಲ. ಹೊರಗೆ ಬಂದು ಮತ್ತೆ ಅದೇ ಮೆಟ್ಟಿಲ ಮೇಲೆ ಕೂತು, ಕುಂಡವನ್ನು ತೊಡೆಯ ಮೇಲಿಟ್ಟುಕೊಂಡಳು. ಅದು ದರ್ಜಿಯಕ್ಕನಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

"ಹಳ್ಳದಿಂದ ಕಿತ್ತು ತಂದಿದ್ದು ನಾನೇ ಅಲ್ವಾ," ಎಂದಳು ತಂಗಿ.

"ಚೂರು ಮಾಡಿ ಕಳಿಸಿದ್ದು ನಾನು."

ಯಾರಿಗೆಲ್ಲ ಮಾರಿದೆ ಎಂದು ಅಕ್ಕ ಕೇಳಿದಳು. ತಂಗಿ ನೆನಪು ಮಾಡಿಕೊಂಡು ಹೇಳುತ್ತ ಹೋದಳು: ಆಸ್ಪತ್ರೆಯ ಅಂಗಳಕ್ಕೆ, ಬ್ಯಾಂಕಿನ ಮೆಟ್ಟಿಲಿಗೆ, ಹೊಸದಾಗಿ ಮನೆ ಕಟ್ಟಿಸಿದ ಗಂಡಹೆಂಡಿರಿಗೆ, ಬಸ್ಸಿನಲ್ಲಿ ಬೇರೆ ಊರಿಗೆ ಒಯ್ದ ಒಬ್ಬ ಅಜ್ಜಿಗೆ. ಆ ಅಜ್ಜಿ ಯಾವ ಊರಿನವಳೋ ಗೊತ್ತಿಲ್ಲ. ಗುರುತು ಸಿಕ್ಕವರ ಮನೆಗೆ ಹೋಗಿ ಹೇಳಬಹುದು, ಸಿಗದವರಿಗೆ ಏನು ಮಾಡುವುದು?

"ನಾಳೆ ಕಚೇರಿಗೆ ಹೋಗಿ ಹೇಳ್ಬಿಡೋಣ. ಬಾಗಿಲು ಹಾಕಿಸ್ತಾರೆ, ಹಾಕಿಸ್ಲಿ," ಎಂದಳು ತಂಗಿ. ಹೊಲಿಗೆ ಕಲಿಸಿಕೊಡುತ್ತೇನೆ ಎನ್ನಲು ಹೊರಟ ಅಕ್ಕ, ಕೋಟು ನೆನಪಾಗಿ ಸುಮ್ಮನಾದಳು.

ಮಾತಾಡುವಾಗ ತಂಗಿಯ ಕೈ ಸುಮ್ಮನಿರುವುದಿಲ್ಲ. ಎದುರಿಗೆ ಗಿಡ ಇದ್ದರೆ ಬೇಡದ ಚಿಗುರನ್ನು ಚಿವುಟಿ ಆಚೆ ಎಸೆಯುವುದು ಅವಳ ಕಸುಬಿನ ಅಭ್ಯಾಸ. ಈಗಲೂ ಬೆರಳುಗಳು ತಮ್ಮ ಪಾಡಿಗೆ ಆ ಕೆಂಪು ದಂಟನ್ನು ಚಿವುಟಿ ಅಂಗಳದ ಹುಲ್ಲಿನತ್ತ ಎಸೆದವು. ಎಸೆದ ಮೇಲೆ ಇಬ್ಬರಿಗೂ ಎಚ್ಚರವಾಯಿತು.

"ಎಲ್ಲಿ ಬಿತ್ತೇ?"

"ಇಲ್ಲೇ ಎಲ್ಲೋ."

ಇಬ್ಬರೂ ಹುಲ್ಲಿನ ಮೇಲೆ ಮಂಡಿಯೂರಿದರು. ಸೂಜಿ ಬಿದ್ದರೆ ದರ್ಜಿಯಕ್ಕ ಆಯಸ್ಕಾಂತ ಆಡಿಸಿ ಹುಡುಕುತ್ತಿದ್ದಳು. ಇದಕ್ಕೆ ಏನನ್ನು ಆಡಿಸುವುದು? ನೋಯುವ ಮಂಡಿ ಎಳೆದುಕೊಂಡು, ಹುಲ್ಲನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದಳು. ತಂಗಿ ಇನ್ನೊಂದು ಕಡೆಯಿಂದ ಹುಡುಕುತ್ತ ಬಂದಳು. ಕತ್ತಲಾಗುವ ಹೊತ್ತಿಗೆ ಇಬ್ಬರ ಕೈಗಳೂ ಒಂದೇ ಜಾಗಕ್ಕೆ ಬಂದು ಸೇರಿದವು. ಚೂರು ಸಿಕ್ಕಿರಲಿಲ್ಲ.