ಪುಣ್ಯದ ಗುಡ್ಡೆ

ಶನಿವಾರ ಬೆಳಗ್ಗೆ ಏಳು ಗಂಟೆಗೆ ಬ್ಯಾಲಂಟೈನಿನ ಹೊಸ ಬಡಾವಣೆಯೊಂದಕ್ಕೆ ಗೌರಿ ಬಂದಳು. ಗೌರಿ ಎಂದರೆ ಹಸು. ಬರೀ ಹಸು ಎಂದುಬಿಟ್ಟರೆ ಅಮೆರಿಕದ ಶಾರ್ಲೆಟ್ ನಗರದ ಸುತ್ತಲಿನ ನಲವತ್ತು ಸಾವಿರ ಕನ್ನಡಿಗರಿಗೆ ಕೋಪ ಬರುತ್ತದೆ. ಅಷ್ಟು ಜನ ಎಲ್ಲಿದ್ದಾರೆ ಎನ್ನುವವರು ಯುಗಾದಿ ಊಟದ ಸಾಲಿನಲ್ಲಿ ಒಮ್ಮೆ ನಿಂತು ನೋಡಬೇಕು. ಆರು ವರ್ಷಗಳಿಂದ ಗೌರಿ ಕಾಲಿಡದೆ ಆ ಕಡೆ ಒಂದು ಗೃಹಪ್ರವೇಶವೂ ನಡೆದಿಲ್ಲ. ಅವಳ ಗೊರಸು ಬೀಳದ ಮನೆಯಲ್ಲಿ ಏಸಿ ಕೂಡ ಸರಿಯಾಗಿ ಓಡುವುದಿಲ್ಲ ಎಂಬ ಮಾತಿತ್ತು. ಆ ಮಾತನ್ನು ಹುಟ್ಟಿಸಿದವರು ಅವಳ ಯಜಮಾನ ತ್ಯಾಗರಾಜರೇ.

ತ್ಯಾಗರಾಜರು ವಾರದ ದಿನಗಳಲ್ಲಿ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ದುಡಿಯುವವರು. ಫೋರ್ಟ್ ಮಿಲ್ ಊರು ದಾಟಿ ಇಪ್ಪತ್ತು ನಿಮಿಷ ಹೋದರೆ ಅವರ ಐದು ಎಕರೆ, ಮೂರು ಹಸು. ಹಸು ಕರೆಯುವುದು, ಸಿಂಗರಿಸುವುದು, ಮಂತ್ರಕ್ಕೆ ಸರಿಯಾಗಿ ಬಾಲ ಎತ್ತದಂತೆ ನೋಡಿಕೊಳ್ಳುವುದು ಎಲ್ಲ ಅವರಿಗೆ ಬರುತ್ತಿತ್ತು. ಟ್ರೇಲರನ್ನು ರಿವರ್ಸ್ ಮಾಡುವುದು ಮಾತ್ರ ಬರುತ್ತಿರಲಿಲ್ಲ. ಅದಕ್ಕೆ ಪಕ್ಕದ ಜಮೀನಿನ ನವಾಬ್ ಬೇಕು. ಮೈಸೂರಿನವನು, ಅದೇ ಬ್ಯಾಂಕಿನಲ್ಲಿ ಜೊತೆಗಿದ್ದವನು. ಎರಡು ವರ್ಷದ ಹಿಂದೆ ಕೆಲಸ ಹೋದಮೇಲೆ ನಲವತ್ತು ಮೇಕೆಗಳೇ ಅವನ ಮನೆಯ ಒಲೆ ಉರಿಸುತ್ತಿದ್ದವು. ಅವನು ಹದಿನಾರು ಅಡಿಯ ಟ್ರೇಲರನ್ನು ಸೂಜಿಗೆ ದಾರ ಪೋಣಿಸಿದಂತೆ ಡ್ರೈವ್‌ವೇಗೆ ತೂರಿಸುತ್ತಿದ್ದ.

“ಲೋ ತ್ಯಾಗು, ಮೇಲ್‌ಬಾಕ್ಸ್ ಹತ್ರ ನಿಂತ್ಕೊಂಡು ಕೈ ತೋರ್ಸೋ. ಅದಕ್ಕೇನಾದ್ರೂ ಆದ್ರೆ ಬಡಾವಣೆ ಸಂಘದ ಎಚ್ಓಎ ಅವ್ರು ಗೌರೀನ ಬಿಟ್ಟು ನಿನ್ನ ಕಟ್ಟಾಕ್ತಾರೆ.”

“ನೀನ್ ಬಾಯಿ ಮುಚ್ಕೊಂಡು ಹಿಂದೆ ಬಾರೋ.”

ಗೌರಿ ಇಳಿದಳು. ಮನೆಯ ಯಜಮಾನ ಪ್ರತಾಪ್ ರೇಷ್ಮೆ ಪಂಚೆಯಲ್ಲಿ ಕೈ ಮುಗಿದು ನಿಂತಿದ್ದ. ಗ್ಯಾರೇಜಿನಲ್ಲಿ ಕಲಶ, ಹೂವು, ಬಾಳೆಗೊನೆ. ಎಲ್ಲ ಸರಿಯಾಗಿತ್ತು, ಗೌರಿಯೊಬ್ಬಳನ್ನು ಬಿಟ್ಟು. ಮುಂಗಾಲು ಎತ್ತಿ ನೆಲಕ್ಕೆ ಬಡಿದಳು. ಹಿಂಗಾಲು ಬಡಿದಳು. ಮತ್ತೆ ಮುಂಗಾಲು. ನಿಮಿಷಕ್ಕೆ ಮುನ್ನೂರು ಸಲ ಬಡಿದಳೆಂದರೆ ಯಾರೂ ನಂಬಲಿಕ್ಕಿಲ್ಲ, ಇನ್ನೂರ ತೊಂಬತ್ತೆಂದು ಇಟ್ಟುಕೊಳ್ಳೋಣ. ಕೊನೆಗೆ ಒಂದು ಒದೆತಕ್ಕೆ ಕಲಶ ಉರುಳಿ, ತೆಂಗಿನಕಾಯಿ ಹೊರಳುತ್ತಾ ಎದುರುಮನೆಯ ಹುಲ್ಲುಹಾಸಿನ ಮೇಲೆ ಹೋಗಿ ನಿಂತಿತು.

ಪ್ರತಾಪನ ಹೆಂಡತಿ ಹರಿಣಿ ಬಗ್ಗಿ ನೋಡಿದಳು. “ಅಂಕಲ್, ಕಾಲಿಗೂ ಕುಂಕುಮ ಹಚ್ಚಿದೀರಾ?”

ಕುಂಕುಮವಾಗಿರಲಿಲ್ಲ. ಮೊಣಕಾಲಿನಿಂದ ಕೆಳಗೆ ಬೂದು ಬಣ್ಣದ ನೊಣಗಳು ತಲೆ ಮೇಲೆ ಮಾಡಿ ಕೂತಿದ್ದವು. ಒಂದು ಹಾರಿದ ಕಡೆ ಒಂದು ಹನಿ ರಕ್ತ.

“ಇದು ನಿಮ್ಮ ಪಕ್ಕದ ಮೇಕೆ ಫಾರ್ಮಿಂದಾನೇ ಅಂಕಲ್,” ಎಂದ ಪ್ರತಾಪ್. ಕಲಶ ಉರುಳಿದ ಅವಮಾನಕ್ಕೆ ಯಾರಾದರೂ ಹೊಣೆಯಾಗಬೇಕಿತ್ತು. “ನಲವತ್ತು ಮೇಕೆ ಅಂದ್ರೆ ಎಷ್ಟು ಗಲೀಜಿರತ್ತೆ! ಮೇಲಾಗಿ ಅವರ ಕ್ಲೀನ್‌ಲಿನೆಸ್ಸು ನಮಗೆ ಗೊತ್ತಿಲ್ವಾ?”

ನವಾಬ್ ಹೊರಗೆ ಟ್ರಕ್ಕಿನಲ್ಲಿ ಕಿಟಕಿ ಇಳಿಸಿಕೊಂಡು, ಹರಿಣಿ ಕೊಟ್ಟ ಕೇಸರಿಬಾತ್ ತಿನ್ನುತ್ತಿದ್ದ. ಅವನ ಕ್ಲೀನ್‌ಲಿನೆಸ್ಸು ನನಗೆ ಗೊತ್ತಿದೆ ಎಂದು ತ್ಯಾಗರಾಜರು ಹೇಳಬಹುದಿತ್ತು. ಅವರು ಬಗ್ಗಿ ತೆಂಗಿನಕಾಯಿ ಹುಡುಕತೊಡಗಿದರು.

ಭಾನುವಾರ ಪ್ರತಾಪ್ ಫೋನಿಗೆ ಒಂದು ಲಿಂಕ್ ಕಳಿಸಿದ. ಜಿಲ್ಲಾಡಳಿತದಂಥ ಕೌಂಟಿ ಕಚೇರಿಗೆ ದೂರು. ಪಕ್ಕದ ಮೇಕೆ ಫಾರ್ಮಿನಿಂದ ದುರ್ವಾಸನೆ, ನೊಣದ ಕಾಟ. ಪ್ರಾಣಿಗಳನ್ನು ಅಲ್ಲಿಂದ ತೆರವು ಮಾಡಿಸಬೇಕು. ಗೌರಿಯನ್ನು ನೋಡಲು ಬರುವ ಹನ್ನೊಂದು ಜನ ಆಗಲೇ ಸಹಿ ಹಾಕಿದ್ದರು. ‘ಪಕ್ಕದ ಜಮೀನಿನವರ ಸಹಿ ಇದ್ರೆ ವೇಯ್ಟ್ ಇರತ್ತೆ ಅಂಕಲ್’ ಎಂಬ ಒಕ್ಕಣೆ ಜೊತೆಗಿತ್ತು.

ಹೆಂಡತಿ ವರಲಕ್ಷ್ಮಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದವರು ತಿರುಗಿದರು. “ನವಾಬಣ್ಣನ್ನ ಒಂದು ಮಾತು ಕೇಳ್ರೀ.”

“ಕೇಳಿದ್ರೆ ಬೇಜಾರು ಮಾಡ್ಕೋತಾನೆ ಕಣೇ.”

“ಕೇಳ್ದೆ ಮಾಡಿದ್ರೆ ಖುಷಿ ಪಡ್ತಾರಾ?”

ಗೌರಿಯ ಹಾಲು ಅರ್ಧಕ್ಕಿಳಿದಿತ್ತು. ಮೂರು ಹಸುಗಳೂ ಮೇಯುವುದನ್ನು ಬಿಟ್ಟು, ಒಂದರ ಕಾಲು ಇನ್ನೊಂದಕ್ಕೆ ಮರೆಯಾಗುವಂತೆ ಗುಂಪುಗಟ್ಟಿ ನಿಲ್ಲುತ್ತಿದ್ದವು. ಏನಾದರೂ ಮಾಡಲೇಬೇಕಿತ್ತು. ತ್ಯಾಗರಾಜರು ಬೆರಳಿನಿಂದ ಫೋನಿನ ಮೇಲೆ ಸಹಿ ಗೀಚಿದರು. ಸಾರು ಕುದಿ ಬರುವಷ್ಟರಲ್ಲಿ ಅದು ಮುಗಿದಿತ್ತು.

ಬುಧವಾರ ಸಂಜೆ ನವಾಬ್ ಬೇಲಿಯ ಹತ್ತಿರ ಬಂದ. ಕೈಯಲ್ಲಿ ನಾಲ್ಕು ಹಾಳೆಯ ನೋಟಿಸು. ಮುಂದಿನ ಗುರುವಾರ ವಿಚಾರಣೆ. ದೂರು ನಿಜವೆಂದಾದರೆ ಹತ್ತು ದಿನದಲ್ಲಿ ಒಂದು ಮೇಕೆಯೂ ಅಲ್ಲಿರಕೂಡದು. ಬಕ್ರೀದಿಗೆ ಎರಡೂವರೆ ವಾರವಿತ್ತು. ವರ್ಷವಿಡೀ ಸಾಕಿದ್ದಕ್ಕೆ ಫಲ ಸಿಗುವುದು ಆ ದಿನವೇ.

“ತ್ಯಾಗು, ಇದ್ರಲ್ಲಿ ನಿನ್ ಹೆಸರು ಹೆಂಗೆ ಬಂತು?”

“ಅದು ಪ್ರತಾಪ್ ಕಳ್ಸಿದ್ದ. ಎಲ್ಲಾರೂ ಹಾಕಿದ್ರು...”

“ಎಲ್ಲಾರ್ದೂ ಬಿಡು. ನಿಂದು ಕೇಳ್ತಿದೀನಿ.”

“ಗೌರಿ ಒದ್ದಾಡ್ತಿದಾಳೆ ನವಾಬ್. ನೀನೇ ನೋಡಿದ್ಯಲ್ಲ. ನಿನ್ ಮೇಲೆ ನಂಗೇನು ದ್ವೇಷಾನಾ? ಆ ನೊಣ ಎಲ್ಲಿಂದಾನೋ ಬರ್ಬೇಕಲ್ಲ!”

“ಬರ್ಬೇಕು. ಬೇಲಿ ಹತ್ರ ಬಂದು, ಲೋ ನವಾಬ, ನಿನ್ ಕೊಟ್ಟಿಗೆ ತೋರ್ಸು ಅಂದಿದ್ರೆ ತೋರಿಸ್ತಿರ್ಲಿಲ್ವಾ? ಆರು ವರ್ಷದಲ್ಲಿ ಒಂದ್ಸಲ ಒಳಗ್ ಬಂದಿದ್ಯಾ ನೀನು?” ಅವನ ದನಿ ಏರಲಿಲ್ಲ. ಏರಿದ್ದರೆ ತ್ಯಾಗರಾಜರಿಗೆ ಜಗಳವಾಡಲು ಸುಲಭವಾಗುತ್ತಿತ್ತು. “ಹೋದ್ ವರ್ಷ ನಿನ್ ಕೊಟ್ಟಿಗೆ ಹಿಂದಿನ ಗುಡ್ಡೆ ಕೊಳೀತಿದೆ, ಹರಡ್ಸು ಅಂದೆ. ಏನಂದೆ ನೀನು?”

ತ್ಯಾಗರಾಜರಿಗೆ ಚೆನ್ನಾಗಿ ನೆನಪಿತ್ತು. ‘ಅದು ದೇವರ ಹೂವು ಕಣೋ, ನಿಂಗದೆಲ್ಲ ಗೊತ್ತಾಗಲ್ಲ’ ಎಂದಿದ್ದರು.

“ನಂಗೆ ಗೊತ್ತಾಗಲ್ಲ ಅಂತ ಸುಮ್ನಾದೆ ತ್ಯಾಗು. ಕೌಂಟಿಗೆ ಬರೀಲಿಲ್ಲ.”

ಜೇಬಿನಿಂದ ತ್ಯಾಗರಾಜರ ಟ್ರೇಲರಿನ ಬೀಗದ ಕೀ ತೆಗೆದು ಬೇಲಿಯ ಗೂಟಕ್ಕೆ ತಗುಲಿಸಿ ಹೊರಟುಹೋದ. ಬೆರಳುದ್ದದ ಕೀ. ಅದರ ಭಾರಕ್ಕೆ ಗೂಟ ಬಗ್ಗಿದ್ದನ್ನು ತ್ಯಾಗರಾಜರು ಕಣ್ಣಾರೆ ಕಂಡರು. ಈ ಕಥೆಯಲ್ಲಿ ಉಪ್ಪುಖಾರ ಹಚ್ಚದೆ ಹೇಳಿದ್ದು ಇದೊಂದೇ.

ಗುಡ್ಡೆಯ ವಿಷಯ ಇಷ್ಟು. ಅಮೆರಿಕದಲ್ಲಿ ದೇವರಿಗೆ ಏರಿಸಿದ ಹೂವನ್ನು ಎಲ್ಲಿ ಹಾಕುವುದು? ಕಸದ ಡಬ್ಬಕ್ಕೆ ಹಾಕಲು ಮನಸ್ಸು ಬಾರದು. ಕೆರೆಗೆ ಬಿಟ್ಟರೆ ದಂಡ. ಹೀಗಾಗಿ ನಿರ್ಮಾಲ್ಯ, ಮಾವಿನ ತೋರಣ, ಬಾಳೆಲೆ, ಸತ್ಯನಾರಾಯಣ ಪೂಜೆಯಲ್ಲಿ ಉಳಿದ ಪುಳಿಯೋಗರೆ ಎಲ್ಲವನ್ನೂ ಜನ ಡಿಕ್ಕಿಯಲ್ಲಿ ತುಂಬಿಕೊಂಡು ಗೌರಿಯ ಮನೆಗೆ ತರುತ್ತಿದ್ದರು. ಗೋವಿಗೆ ಕೊಟ್ಟಂತಾಯಿತು, ಪುಣ್ಯವೂ ಬಂತು. ಕ್ಯಾರಿ ಎಂಬ ಊರಿನಿಂದ ಮೂರು ಗಂಟೆ ಡ್ರೈವ್ ಮಾಡಿ ಒಣಗಿದ ಚೆಂಡುಹೂವು ತಂದವರಿದ್ದಾರೆ. ಗೌರಿ ಮೂಸಿ ಬಿಟ್ಟದ್ದೆಲ್ಲ ಹಳೆ ಹುಲ್ಲು, ಸಗಣಿ, ಗಂಜಲದ ಜೊತೆ ಕೊಟ್ಟಿಗೆಯ ಹಿಂದೆ ಸೇರುತ್ತಿತ್ತು. ಚಾಮುಂಡಿ ಬೆಟ್ಟಕ್ಕಿಂತ ಎರಡೇ ಎರಡು ಅಡಿ ಕಡಿಮೆ. ಬಂದವರಿಗೆ ತ್ಯಾಗರಾಜರು ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದರು: “ಇಡೀ ಶಾರ್ಲೆಟ್ಟಿನ ಭಕ್ತಿ ಇಲ್ಲಿದೆ ನೋಡಿ.”

ಶನಿವಾರ ದನದ ಡಾಕ್ಟರು ನೀಲಗಂಗಾ ಬಂದರು. ಬೀದರ್ ಕಡೆಯವರು. ಗೌರಿಯ ಕಾಲಿನಿಂದ ಒಂದು ನೊಣವನ್ನು ಚಕ್ಕನೆ ಹಿಡಿದು ಅಂಗೈ ಮೇಲಿಟ್ಟು ತೋರಿಸಿದರು.

“ಇದು ಮನ್ಯಾಗಿನ ನೊಣ ಅಲ್ರೀ. ಮಾರಿ ನೋಡ್ರಿ, ಮುಂದ ಸೂಜಿ ಇದ್ದಂಗ ಅದ. ಗಂಡು ಹೆಣ್ಣು ಎರಡೂ ರಕ್ತ ಕುಡೀತಾವ. ಕುಡಿದು ಹಾರಿ ಹೋಗಿ ಗ್ವಾಡಿ ಮ್ಯಾಲ ಕುಂತು ಅರಗಿಸ್ಕೋತಾವ. ನೀವು ಬರೇ ಕಾಲಿಗೆ ಔಷಧ ಹೊಡದ್ರ ಏನೂ ಆಗಂಗಿಲ್ಲ. ಹುಟ್ಟೂ ಜಾಗಾ ಹುಡುಕಬೇಕು.”

“ಪಕ್ಕದಲ್ಲಿ ಮೇಕೆ ಇವೆ ಡಾಕ್ಟ್ರೇ...”

“ನಡೀರಿ ಮತ್ತ, ನೋಡೂಣು.”

ತ್ಯಾಗರಾಜರು ಬೇಲಿಯ ತನಕ ಹೋಗಿ ನಿಂತರು. ಕಾಲು ಮುಂದೆ ಹೋಗಲಿಲ್ಲ. ನವಾಬನ ಹೆಂಡತಿ ದಿಲ್ಶಾದ್ ಇವರತ್ತ ನೋಡದೆ ಡಾಕ್ಟರನ್ನು ಒಳಗೆ ಕರೆದೊಯ್ದರು. ಹತ್ತು ನಿಮಿಷದ ಮೇಲೆ ನೀಲಗಂಗಾ ಕೈ ಒರೆಸಿಕೊಳ್ಳುತ್ತಾ ಬಂದರು.

“ಅಲ್ಲಿ ನೆಲದ ಮ್ಯಾಲ ಕುಂತು ಊಟಾ ಮಾಡಬಹುದ್ರೀ. ಒಣಾ ಹಿಕ್ಕಿ, ಅದನ್ನೂ ದಿನಾ ಗುಡಿಸ್ತಾರ. ಆದ್ರ ಆ ಮೇಕಿ ಕಾಲಾಗೂ ರಕ್ತ ಅದ. ನೊಣ ಅಲ್ಲಿಂದ ಇಲ್ಲಿಗಿ ಬರಲಿಕತ್ತಿಲ್ಲ. ಇಲ್ಲಿಂದ ಅಲ್ಲಿಗಿ ಹೊಂಟಾವ. ಹಳೀ ಹುಲ್ಲು ಎಲ್ಲಿ ಹಾಕ್ತೀರಿ ನೀವು?”

ಗುಡ್ಡೆಯ ಬುಡಕ್ಕೆ ಅವರು ಗುದ್ದಲಿ ಹಾಕಿ ಒಮ್ಮೆ ಮೇಲೆತ್ತಿದರು. ಒಳಗಿನಿಂದ ಬಿಸಿ ಉಗಿ ಬಂತು. ಕಪ್ಪಗೆ ಕೊಳೆತ ಹುಲ್ಲು, ಚೆಂಡುಹೂವಿನ ನಡುವೆ ಬಿಳಿಯ ಹುಳುಗಳು ಅನ್ನ ಕುದಿದಂತೆ ಕುದಿಯುತ್ತಿದ್ದವು. ವರಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಅದು ದೇವರ ಹೂವು,” ಎಂದರು ತ್ಯಾಗರಾಜರು.

“ನೊಣಕ್ಕ ಅದು ಗೊತ್ತಿಲ್ರೀ ಪಾಪ.”

ವರಲಕ್ಷ್ಮಿ ನಗಲಿಲ್ಲ. ಕೊಟ್ಟಿಗೆಯ ಗೋಡೆಯ ಮೇಲೆ ಹೊಟ್ಟೆ ಉಬ್ಬಿಸಿಕೊಂಡು ಬಿಸಿಲು ಕಾಯುತ್ತಿದ್ದ ನೊಣಗಳನ್ನು ನೋಡುತ್ತಾ, “ಕಣ್ಣೆದುರಿಗೇ ಇತ್ತಲ್ರೀ,” ಎಂದರು.

“ಡಾಕ್ಟ್ರೇ, ಇದನ್ನ ನೀವು ಕೌಂಟಿಗೆ ಬರೆದು ಕೊಡ್ತೀರಾ?” ಎಂದು ತ್ಯಾಗರಾಜರು ಕೇಳಿದರು.

“ಕೇಳಿದ್ರ ಕೊಡ್ತೀನ್ರಿ. ಆದ್ರ ದಿಲ್ಶಾದ್ ಅವ್ರು ನೋಟಿಸು ತೋರಿಸಿದ್ರು, ಸಹಿ ಮಾಡ್ದಾವ್ರು ನೀವಲ್ಲೇನ್ರಿ?” ಎಂದು ನೀಲಗಂಗಾ ಚೀಲ ಹೆಗಲಿಗೇರಿಸಿದರು.

ಆ ಮಧ್ಯಾಹ್ನ ತ್ಯಾಗರಾಜರು ಪ್ರತಾಪನಿಗೆ ಫೋನ್ ಮಾಡಿ ಡಾಕ್ಟರು ಕಂಡದ್ದನ್ನು ಹೇಳಿದರು.

“ಅಂಕಲ್, ಈಗ ನೀವೇನೂ ಮಾತಾಡ್ಬೇಡಿ,” ಎಂದ ಅವನು. “ಒಂದು ಡಂಪ್‌ಸ್ಟರ್ ತರಿಸಿ ಗುಡ್ಡೆ ಎತ್ತಿಸಿಬಿಡಿ. ನಾಳೆ ನಿಮ್ಮ ಗೋಶಾಲೆಗೇ ಕೆಟ್ಟ ಹೆಸರು ಬಂದ್ರೆ? ಮಕ್ಕಳಿಗೆ ಹಸು ತೋರಿಸೋಕೆ ನಮಗಿರೋದು ಇದೊಂದೇ ಜಾಗ. ಅವರಿಗೇನು, ಮೇಕೆ ಬೇರೆ ಕಡೆ ಸಾಕ್ಕೋತಾರೆ.”

ಅವನ ಮಾತಿನಲ್ಲಿ ಒಂದಿಷ್ಟು ನಿಜವೂ ಇತ್ತು. ಶನಿವಾರ ಬರುವ ಮಕ್ಕಳು ಗೌರಿಯ ಕೊರಳು ತಬ್ಬಿಕೊಂಡು ಬಿಡದೆ ಅಳುತ್ತಿದ್ದವು. ತ್ಯಾಗರಾಜರು ಹೇಳಿದರು. “ಪ್ರತಾಪ್, ಆ ಗುಡ್ಡೇಲಿ ನಿಮ್ಮ ಮನೆ ಕಲಶದ ಮಾವಿನೆಲೇನೂ ಇದೆ. ಮೊನ್ನೆ ಭಾನುವಾರ ನೀವೇ ತಂದು ಹಾಕಿದ್ದು. ಆಮೇಲೆ ಮನೆಗೆ ಹೋಗಿ ಲಿಂಕ್ ಕಳ್ಸಿದ್ರಿ.”

ಆ ಕಡೆಯಿಂದ ಫೋನ್ ಇಟ್ಟ ಸದ್ದು.

ಗುರುವಾರ ಕೌಂಟಿ ಕಚೇರಿಯಲ್ಲಿ ಸಹಿ ಹಾಕಿದ ಹನ್ನೆರಡು ಜನರ ಪೈಕಿ ಬಂದವರು ತ್ಯಾಗರಾಜರೊಬ್ಬರೇ. ನವಾಬ್ ಮೊದಲ ಸಾಲಿನಲ್ಲಿ, ಬ್ಯಾಂಕಿಗೆ ಹಾಕಿಕೊಳ್ಳುತ್ತಿದ್ದ ಹಳೆಯ ಕೋಟು ತೊಟ್ಟು, ಮಡಿಲಲ್ಲಿ ದಪ್ಪ ಫೈಲು ಇಟ್ಟುಕೊಂಡು ಕೂತಿದ್ದ. ಹೆಸರು ಕರೆದಾಗ ತ್ಯಾಗರಾಜರು ಎದ್ದು ಮೇಜಿನ ಮೇಲೆ ಎರಡು ವಸ್ತು ಇಟ್ಟರು. ಒಂದು, ಮಾವಿನಮಿಡಿ ಉಪ್ಪಿನಕಾಯಿಯ ಖಾಲಿ ಬಾಟಲಿ. ಒಳಗೆ ಗುಡ್ಡೆಯ ಮಣ್ಣು, ಜೀವಂತ ಹುಳು. ಇನ್ನೊಂದು, ಅದೇ ದೂರಿನ ಅರ್ಜಿ, ಹೊಸದಾಗಿ ತುಂಬಿದ್ದು. ಅಧಿಕಾರಿಣಿ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದಳು. ದೂರು ಕೊಟ್ಟವರ ವಿಳಾಸ, ದೂರು ಯಾರ ಮೇಲೋ ಅವರ ವಿಳಾಸ, ಎರಡೂ ಒಂದೇ ಆಗಿತ್ತು. ತಪ್ಪಿ ಬರೆದಿರಾ ಎಂದು ಕೇಳಿದಳು.

“ಮೊದಲನೇ ಸಲ ತಪ್ಪಿ ಬರೆದಿದ್ದೆ,” ಎಂದರು ತ್ಯಾಗರಾಜರು, ಇಂಗ್ಲಿಷಿನಲ್ಲಿ.

ನವಾಬನ ಮೇಲಿನ ದೂರು ಅಲ್ಲೇ ವಜಾ ಆಯಿತು. ಗುಡ್ಡೆ ತೆಗೆಯಲು ತ್ಯಾಗರಾಜರಿಗೆ ಹದಿನೈದು ದಿನದ ಗಡುವು ಸಿಕ್ಕಿತು. ನವಾಬ್ ಫೈಲು ಬಗಲಿಗಿಟ್ಟುಕೊಂಡು ಅವರ ಪಕ್ಕದಲ್ಲೇ ಹಾದುಹೋದ. ನಿಲ್ಲಲಿಲ್ಲ.

ಗಂಡಹೆಂಡತಿ ಗುಡ್ಡೆಯನ್ನು ಕೆದರಿ, ತೆಳ್ಳಗೆ ಹರಡಿ, ಬಿಸಿಲಿಗೆ ಒಣಗಿಸಿದರು. ಒಂಬತ್ತು ದಿನದಲ್ಲಿ ತ್ಯಾಗರಾಜರ ಅಂಗೈಯಲ್ಲಿ ಎದ್ದ ಬೊಬ್ಬೆ ಎಣಿಸಲು ಕ್ಯಾಲ್ಕುಲೇಟರ್ ಬೇಕಾಯಿತು. ಗೇಟಿಗೊಂದು ಹಲಗೆ ಬಂತು: ‘ಹೂವು, ಎಲೆ, ಊಟ ಇಲ್ಲಿ ತರಬೇಡಿ. ನಿಮ್ಮ ಹಿತ್ತಿಲಲ್ಲೇ ಒಂದು ಗುಂಡಿ ತೋಡಿ.’ ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಬಕ್ರೀದಿನ ದಿನ ಪಕ್ಕದ ಜಮೀನಿನಲ್ಲಿ ಕಾರುಗಳ ಸಾಲು ಸಾಲು. ಪ್ರತಿ ವರ್ಷ ಆವತ್ತು ದಿಲ್ಶಾದ್ ಇವರಿಗೆಂದೇ ಶಾವಿಗೆ ಪಾಯಸ ಮಾಡಿ ಕಳಿಸುತ್ತಿದ್ದರು. ವರಲಕ್ಷ್ಮಿ ಸಂಜೆಯವರೆಗೆ ಬಾಗಿಲು ತೆಗೆದೇ ಇಟ್ಟಿದ್ದರು. ಡಬ್ಬಿ ಬರಲಿಲ್ಲ.

ಶ್ರಾವಣದ ಮೊದಲ ಗೃಹಪ್ರವೇಶಕ್ಕೆ ಕರೆ ಬಂತು. ಮೇ ತಿಂಗಳಿಂದ ಗೂಟದ ಮೇಲೆಯೇ ತೂಗುತ್ತಿದ್ದ ಕೀಯನ್ನು ತ್ಯಾಗರಾಜರು ಮೊದಲ ಸಲ ಕೈಗೆತ್ತಿಕೊಂಡರು. ಮಳೆಗೆ ತುಸು ತುಕ್ಕು ಹಿಡಿದಿತ್ತು. ಟ್ರೇಲರನ್ನು ಕೊಟ್ಟಿಗೆಯ ಬಾಗಿಲಿಗೆ ಹಿಮ್ಮುಖವಾಗಿ ತಂದು ನಿಲ್ಲಿಸಬೇಕು. ಒಮ್ಮೆ ಅದು ಬಲಕ್ಕೆ ಮಡಚಿಕೊಂಡಿತು. ಇನ್ನೊಮ್ಮೆ ವರಲಕ್ಷ್ಮಿಯ ಬದನೆ ಗಿಡಗಳ ಮೇಲೆ ಹೋಯಿತು. ನೂರಾ ಎಂಟನೆಯ ಪ್ರಯತ್ನಕ್ಕೆ ಗೇಟಿನ ಹಲಗೆಯೇ ಬಿತ್ತು. ಬೇಲಿಯಾಚೆ ನವಾಬ್ ಮೇಕೆಗಳಿಗೆ ನೀರು ಹಾಕುತ್ತಿದ್ದ. ತೊಟ್ಟಿ ತುಂಬಿ ನೀರು ಹೊರಗೆ ಹರಿಯುತ್ತಿದ್ದರೂ ಪೈಪು ಹಿಡಿದುಕೊಂಡೇ ನಿಂತಿದ್ದ.

ತ್ಯಾಗರಾಜರು ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಕೂತರು. ಆಗ ದನಿ ಕೇಳಿಸಿತು.

“ಎಡಕ್ಕೆ.”

ತಲೆ ಎತ್ತಿದರು. ನವಾಬ್ ಪೈಪು ಕೆಳಗಿಟ್ಟು ಬೇಲಿಗೆ ಬಂದಿದ್ದ. ಮುಖದಲ್ಲಿ ನಗುವಿರಲಿಲ್ಲ.

“ಸ್ಟಿಯರಿಂಗ್ ಎಡಕ್ಕೆ ತಿರುಗ್ಸಿ, ತ್ಯಾಗರಾಜ್ ಅವರೇ. ನಿಧಾನ. ಈಗ ನೇರ ಮಾಡಿ.”

ಆರು ವರ್ಷದಲ್ಲಿ ನವಾಬ್ ಅವರನ್ನು ಹಾಗೆ ಕರೆದದ್ದು ಅದೇ ಮೊದಲು.

ತ್ಯಾಗರಾಜರು ಎಡಕ್ಕೆ ತಿರುಗಿಸಿದರು. ಟ್ರೇಲರು ನೇರವಾಗಿ ಹೋಗಿ ಬಾಗಿಲಿಗೆ ನಿಂತಿತು. ಇಳಿದು ಬೇಲಿಯ ಕಡೆ ನೋಡುವಷ್ಟರಲ್ಲಿ ನವಾಬ್ ಮೇಕೆಗಳ ನಡುವೆ ಹೊರಟುಹೋಗಿದ್ದ. ಗೌರಿ ಕಾಲು ಬಡಿಯದೆ, ಸುಮ್ಮನೆ ನಡೆದು ಒಳಗೆ ಹತ್ತಿದಳು.